ಬೂದು ಪೆಟ್ಟಿಗೆಯಿಂದ ‘ಅಲೌ’ ಬಟನ್‌ವರೆಗೆ

ಬದಿಯಡ್ಕದ ನನ್ನ ಅಂಗಡಿಯಲ್ಲಿ ಒಂದು ಮೇಜು ಡಿಟಿಪಿಗೆ, ಇನ್ನೊಂದು ಕಂಪ್ಯೂಟರ್ ರಿಪೇರಿಗೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ ಮೊದಲನೆಯ ಮೇಜಿನ ಕೆಲಸ. ಎರಡನೆಯದಕ್ಕೆ ಬರುವವರಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳುತ್ತದೆ: “ವೈರಸ್ ಬಂದಿದೆ ಅಂತ ಮೂಲೆಯಲ್ಲಿ ಬರ್ತಾ ಉಂಟು, ಫಾರ್ಮ್ಯಾಟ್ ಮಾಡಿ ಕೊಡಿ.” ಅಲ್ಲಿ ವೈರಸ್ಸೂ ಇರುವುದಿಲ್ಲ, ಫಾರ್ಮ್ಯಾಟೂ ಬೇಕಿಲ್ಲ. ಎರಡು ನಿಮಿಷದ ಕೆಲಸ. ಆದರೂ ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ. ಬಂದವರು “ನಾನೇ ಏನೋ ತಪ್ಪು ಒತ್ತಿದೆ” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಈ ಮೋಸದ ಚರಿತ್ರೆ ಗೊತ್ತಿದ್ದರೆ ಹಾಗೆ ಬೈದುಕೊಳ್ಳುತ್ತಿರಲಿಲ್ಲ.

ಈ ಶತಮಾನದ ಆರಂಭದಲ್ಲಿ ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಇಂಟರ್‌ನೆಟ್ ಕೆಫೆಗಳು ಬೆಳೆದದ್ದಕ್ಕೆ ದೊಡ್ಡ ಕಾರಣ ಗಲ್ಫ್. ಮಗ ದುಬೈಯಲ್ಲಿ, ಅಳಿಯ ದೋಹಾದಲ್ಲಿ. ಊರಲ್ಲಿದ್ದವರು ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾಹೂ ಮೆಸೆಂಜರ್ ಎದುರು ಕೂರುತ್ತಿದ್ದರು. ಆ ಕಾಲದ ವಿಂಡೋಸ್‌ನಲ್ಲಿ ಇನ್ನೊಂದು ‘ಮೆಸೆಂಜರ್’ ಇತ್ತು. ಚಾಟ್‌ಗೂ ಅದಕ್ಕೂ ಸಂಬಂಧವಿಲ್ಲ. ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವನು “ಸರ್ವರ್ ಈಗ ಬಂದ್ ಆಗುತ್ತದೆ, ಫೈಲ್ ಸೇವ್ ಮಾಡಿ” ಎಂದು ಎಲ್ಲ ಯಂತ್ರಗಳಿಗೂ ತಿಳಿಸಲಿಕ್ಕೆ ಇದ್ದ ಏರ್ಪಾಡು ಅದು. ಮನೆಯ ಯಂತ್ರಕ್ಕೆ ಅದರಿಂದ ಏನೂ ಉಪಯೋಗವಿಲ್ಲ, ಆದರೂ ಎಕ್ಸ್‌ಪಿ ಹಾಕಿದ ಕೂಡಲೇ ಅದು ತಾನಾಗಿ ಚಾಲೂ ಆಗಿರುತ್ತಿತ್ತು. ಡಯಲ್‌ಅಪ್‌ನಲ್ಲಿ ನೆಟ್ಟಿಗೆ ಸೇರಿದರೆ ಸಾಕು, ಬ್ರೌಸರ್ ತೆರೆಯದಿದ್ದರೂ ಪರದೆಯ ನಡುವೆ ಬೂದುಬಣ್ಣದ ಪೆಟ್ಟಿಗೆಯೊಂದು ಎದ್ದು ನಿಲ್ಲುತ್ತಿತ್ತು. ಒಳಗೆ ಯಾವುದೋ ಜಾಹೀರಾತು, ಕೆಳಗೆ ಒಂದೇ ಒಂದು ‘ಓಕೆ’.

ಈ ದಾರಿಯನ್ನು ದುಡ್ಡಾಗಿಸಿದವರ ಕಥೆ ಅಮೆರಿಕದ ದಾಖಲೆಗಳಲ್ಲಿದೆ. ಸ್ಯಾನ್ ಡಿಯಾಗೋದ ಡಿ ಸ್ಕ್ವೇರ್ಡ್ ಸೊಲ್ಯೂಷನ್ಸ್ ಎಂಬ ಕಂಪೆನಿ ಇಂಥ ಪೆಟ್ಟಿಗೆಗಳನ್ನು ಜನರ ಪರದೆಗೆ ಎಡೆಬಿಡದೆ ಕಳಿಸುತ್ತಿತ್ತು. ಮಾರುತ್ತಿದ್ದ ಸರಕು ಯಾವುದು ಗೊತ್ತೇ? ಇಂಥ ಪೆಟ್ಟಿಗೆಗಳು ಬಾರದಂತೆ ತಡೆಯುವ ಸಾಫ್ಟ್‌ವೇರ್! ರೋಗ ಹಚ್ಚುವವನೂ ಅವನೇ, ಮದ್ದು ಮಾರುವವನೂ ಅವನೇ. 2003ರ ನವೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅವರ ಮೇಲೆ ದಾವೆ ಹೂಡಿತು. ಇವತ್ತು “ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ, ನವೀಕರಿಸಿ” ಎಂದು ಹೆದರಿಸುವವರ ವ್ಯಾಪಾರವೂ ಇದೇ.

ಬ್ರೌಸರ್ ಒಳಗಿನ ಕಾಟ ಇನ್ನೂ ಹಳೆಯದು. ಟ್ರೈಪಾಡ್ ಎಂಬ ಜಾಲತಾಣದಲ್ಲಿದ್ದ ಈಥನ್ ಝುಕರ್‌ಮನ್ 1990ರ ದಶಕದಲ್ಲಿ ಪಾಪ್‌ಅಪ್ ಜಾಹೀರಾತಿಗೆ ಮೊದಲ ಕೋಡ್ ಬರೆದವರಲ್ಲೊಬ್ಬರು. ಅಶ್ಲೀಲ ಪುಟದ ಮೇಲೆ ತನ್ನ ಜಾಹೀರಾತು ಬಂತೆಂದು ಕಾರು ಕಂಪೆನಿಯೊಂದು ಸಿಟ್ಟಾದಾಗ, ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೋರಿಸುವ ಉಪಾಯ ಹೂಡಿದರು. 2014ರಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರೊಳಗೆ ಒಂದನ್ನು ಮುಚ್ಚಿದರೆ ನಾಲ್ಕು ಏಳುವ ಆ ಕಿಟಕಿಗಳನ್ನು ಕಾಸರಗೋಡಿನ ಕೆಫೆಗಳೂ ಸಾಕಷ್ಟು ಅನುಭವಿಸಿ ಆಗಿತ್ತು.

ಎರಡೂ ಕಾಟಗಳು ಕಡಿಮೆಯಾದದ್ದು ಹೇಗೆ? ಜನ ಜಾಣರಾದುದರಿಂದ ಅಲ್ಲ. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಲ್ಲಿ ಮೈಕ್ರೋಸಾಫ್ಟ್ ಆ ಮೆಸೆಂಜರನ್ನು ಮೊದಲೇ ಆಫ್ ಮಾಡಿಟ್ಟಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಪಾಪ್‌ಅಪ್ ತಡೆಯನ್ನು ಮೊದಲೇ ಆನ್ ಮಾಡಿಟ್ಟಿತು. ನಮ್ಮಂಥವರು ಪ್ರತಿಯೊಬ್ಬರಿಗೂ ಹೇಳಿಕೊಟ್ಟು ಮುಗಿಯದ ಕೆಲಸ ಅದೊಂದರಿಂದ ಆಯಿತು.

ಹಾಗೆಂದು ಕಲಿಸುವುದು ವ್ಯರ್ಥವೆಂದಲ್ಲ. 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ ಅಕ್ಷಯ ಯೋಜನೆ ಮುಂದೆ ನಮ್ಮ ಜಿಲ್ಲೆಗೂ ಬಂತು. ಮನೆಗೊಬ್ಬರಾದರೂ ಕಂಪ್ಯೂಟರ್ ಕಲಿಯಬೇಕೆಂಬ ಉದ್ದೇಶದ ಯೋಜನೆ. ಮೌಸ್ ಹಿಡಿಯದವರು ಹಿಡಿದರು, ನಮ್ಮ ಜಿಲ್ಲೆಗೆ ಅದರಿಂದಾದ ಉಪಕಾರ ಸಣ್ಣದಲ್ಲ.

ಆದರೆ ಕಲಿಕೆಯೊಂದೇ ಸಾಲದೆಂದು ಆಮೇಲೆ ಬಂದ ಹೊಸ ಕಾಟ ತೋರಿಸಿತು. 2015ರ ಏಪ್ರಿಲ್‌ನಲ್ಲಿ ಕ್ರೋಮ್‌ ಬ್ರೌಸರ್‌ನ 42ನೇ ಆವೃತ್ತಿ ಬಂತು. ಪುಟ ಮುಚ್ಚಿದ ಮೇಲೂ ಜಾಲತಾಣಗಳು ನೋಟಿಫಿಕೇಶನ್ ಕಳಿಸಬಹುದೆಂದಾಯಿತು. 2016ರ ಜನವರಿಯಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನೇ ಮಾಡಿತು. ಉದ್ದೇಶ ಒಳ್ಳೆಯದೇ: ಸುದ್ದಿ, ಮೆಸೇಜು ಕೂಡಲೇ ತಿಳಿಯಲಿ. ಈ ಸಲ ಅನುಮತಿ ಕೇಳಿಯೇ ಒಳಬರಬೇಕೆಂಬ ನಿಯಮವೂ ಇತ್ತು. ವಂಚಕರು ಆ ಅನುಮತಿಗೇ ಕೈಹಾಕಿದರು. “ನೀವು ರೋಬೋ ಅಲ್ಲವೆಂದು ತೋರಿಸಲು ಅಲೌ ಒತ್ತಿ”, “ವಿಡಿಯೊ ನೋಡಲು ಅಲೌ ಒತ್ತಿ”. ಒಮ್ಮೆ ಒತ್ತಿದರೆ ಆಯಿತು. ಸಂದೇಶ ಬ್ರೌಸರ್ ಕಂಪೆನಿಯದೇ ಸರ್ವರ್ ದಾರಿಯಲ್ಲಿ ಬಂದು, ಪುಟದ ಹೊರಗೆ, ವಿಂಡೋಸ್ ತನ್ನ ಮಾತನ್ನು ಹೇಳುವ ಅದೇ ಮೂಲೆಯಲ್ಲಿ ಏಳುತ್ತದೆ. ಹಾಗಾಗಿ ಕಂಪ್ಯೂಟರೇ ಮಾತಾಡುತ್ತಿದೆ ಎಂದು ನೋಡಿದವರಿಗೆ ಅನಿಸುತ್ತದೆ. ಆ್ಯಂಟಿವೈರಸ್ ಹಾಕಿ ಜಾಲಾಡಿದರೂ ಬಹುಪಾಲು ಏನೂ ಸಿಗುವುದಿಲ್ಲ, ಯಾಕೆಂದರೆ ಅದು ನಾವೇ ಕೊಟ್ಟ ಅನುಮತಿ.

ನೀರ್ಚಾಲು ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಶಾಲೆಯಲ್ಲಿ ಐಟಿ ಅಟ್ ಸ್ಕೂಲ್‌ನವರ ಲಿನಕ್ಸ್ ಬಳಸಿ ಅಭ್ಯಾಸವಾದವರು, ಮನೆಯಲ್ಲೂ ಉಬುಂಟುವನ್ನೇ ಹಾಕಿಸಿಕೊಂಡಿದ್ದರು. ಹಳೆ ಅಡಿಕೆಯ ಧಾರಣೆ ಹುಡುಕುತ್ತಾ ಯಾವುದೋ ಪುಟದಲ್ಲಿ ಅಲೌ ಒತ್ತಿದ್ದಾರೆ. ನನ್ನೆದುರೇ ಪರದೆಯ ಮೇಲ್ಬದಿಯಲ್ಲಿ ಬಂತು: ವಿಂಡೋಸ್ ಡಿಫೆಂಡರ್ ನಿಂತಿದೆ, ಐದು ವೈರಸ್ ಸಿಕ್ಕಿವೆ.

“ಮಾಸ್ಟ್ರೇ, ಇದರಲ್ಲಿ ವಿಂಡೋಸ್ ಉಂಟಾ?”

ಅವರು ಕನ್ನಡಕ ಮೇಲೆ ಸರಿಸಿ ಇನ್ನೊಮ್ಮೆ ಓದಿದರು. “ಇಲ್ಲವಲ್ಲ ಮಾರಾಯ! ಇಲ್ಲದ್ದಕ್ಕೆ ವೈರಸ್ ಎಲ್ಲಿಂದ?”

ಆ ಸಂದೇಶದ ಕೆಳಗೇ ಸಣ್ಣ ಅಕ್ಷರದಲ್ಲಿ ಕಳಿಸಿದ ತಾಣದ ವಿಳಾಸ ಇತ್ತು. ಸುಳ್ಳುಗಾರನ ಹೆಸರು ಸಿಗುವುದು ಅಲ್ಲೇ. ಆ ಹೆಸರನ್ನು ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಅವರೇ ಹುಡುಕಿ ತೆಗೆದರು.

ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾ 2019ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಇಂಥ ಅನುಮತಿ ಕೋರಿಕೆಗಳಲ್ಲಿ ಸುಮಾರು 99 ಶೇಕಡಾ ಒಪ್ಪಿಗೆಯಿಲ್ಲದೆ ಹೋಗುತ್ತಿದ್ದವು. 2020ರ ಜನವರಿಯಲ್ಲಿ ಆ ಕೋರಿಕೆ ಪುಟದ ಮೇಲೆ ಹಾರಿಬರದಂತೆ ಮಾಡಿದರು. ಕ್ರೋಮ್ ಮುಂದಿನ ತಿಂಗಳು ಸದ್ದಿಲ್ಲದ ಕೋರಿಕೆಯ ವ್ಯವಸ್ಥೆ ತಂದಿತು. ಜನ ನೋಡದೇ ಬಿಟ್ಟ ತಾಣಗಳ ಅನುಮತಿಯನ್ನು ತಾನೇ ಹಿಂತೆಗೆಯುವುದಾಗಿ 2025ರಲ್ಲಿ ಪ್ರಕಟಿಸಿತು. ಒಳ್ಳೆಯದೇ, ಆದರೆ ಇಷ್ಟು ಸಾಲದು. ಬೇಕೆಂದವರು ಹೋಗಿ ತೆರೆದುಕೊಳ್ಳಲಿ, ಉಳಿದವರಿಗೆ ಬಾಗಿಲು ಮೊದಲೇ ಮುಚ್ಚಿರಲಿ. 2004ರಲ್ಲಿ ಗುಣ ಕಂಡದ್ದು ಆ ಮದ್ದಿನಿಂದಲೇ.

ಅದಕ್ಕೆ ನನ್ನ ಮೇಜಿಗೆ ಬಂದ ಯಾವ ಯಂತ್ರವನ್ನೂ ಹಾಗೇ ಕಳಿಸುವುದಿಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಇಲ್ಲಿಗೆ ಹೋಗಿ, ಯಾವ ತಾಣವೂ ಕಳಿಸದಂತೆ ಇರುವ ಆಯ್ಕೆಯನ್ನು ಒತ್ತುತ್ತೇನೆ. ಕೆಳಗಿನ ಪಟ್ಟಿಯಲ್ಲಿ ಮೊದಲೇ ಅಲೌ ಪಡೆದವುಗಳನ್ನು ಯಜಮಾನರ ಎದುರೇ ಒಂದೊಂದಾಗಿ ಅಳಿಸುತ್ತೇನೆ. ಹೆದರಿ ಈಗಾಗಲೇ ಹಣ ಕಳಿಸಿದ್ದೇನೆ ಎಂದವರಿದ್ದರೆ ರಿಪೇರಿ ಬದಿಗಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತೇನೆ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚು.