ಎಸಿ ಆಫ್ ಮಾಡಿದ್ದು ಯಾರು?

ಸ್ಟುಡಿಯೋದಲ್ಲಿ ನಮ್ಮ ನೆತ್ತಿಯ ಮೇಲೆ ಎಷ್ಟು ಲೈಟ್ ಉರಿಯುತ್ತವೆ ಅನ್ನೋದು ಮನೆಯಲ್ಲಿ ಕೂತು ನೋಡೋ ನಿಮಗೆ ಗೊತ್ತಾಗಲ್ಲ. ಎಸಿ ಹತ್ತು ನಿಮಿಷ ನಿಂತರೆ ಸಾಕು, ಕೋಟಿನೊಳಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತೆ. ಒಂದು ಸಲ ಹಾಗೇ ಆಯ್ತು. ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕರೊಬ್ಬರು ಫೋನ್ ಮಾಡಿ, ‘ಸಾರ್, ಇವತ್ತು ಏನು ಆವೇಶ ನಿಮ್ದು! ಹಣೆ ಮೇಲೆ ಬೆವರು ಹರೀತಿತ್ತು’ ಅಂದರು. ಎಸಿ ಕೆಟ್ಟಿತ್ತು ಅಂತ ನಾನು ಹೇಳಲಿಲ್ಲ. ಹೊಗಳಿಕೆ ತಾನೇ, ಇಟ್ಟುಕೊಂಡೆ.

ಆವತ್ತಿನಿಂದ ಬೆವರಿನ ಮಾತು ಬಂದಾಗೆಲ್ಲ ನನಗೆ ಜ್ಯಾಕ್ ಬ್ಯಾರಿ ನೆನಪಾಗುತ್ತಾನೆ. ನಮ್ಮಲ್ಲಿ ಬಹಳ ಜನಕ್ಕೆ ಆ ಹೆಸರು ಗೊತ್ತಿಲ್ಲ. ಆದರೆ ಒಂದು ಕಾಲದಲ್ಲಿ ಅಮೆರಿಕದ ಮನೆಮನೆಯಲ್ಲೂ ಆ ಮುಖ ಪರಿಚಿತ.

ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕ್ ರಾಜ್ಯದ ಲಿಂಡನ್‌ಹರ್ಸ್ಟ್‌ನಲ್ಲಿ. ರೇಡಿಯೋದಿಂದ ಬಂದವನು. 1946ರಲ್ಲಿ ‘ಜುವೆನೈಲ್ ಜ್ಯೂರಿ’ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ. ಪುಟ್ಟ ಮಕ್ಕಳು ಕೂತು ದೊಡ್ಡವರ ಹಾಗೆ ತೀರ್ಪು ಹೇಳೋದು. ಆಮೇಲೆ 1953ರಲ್ಲಿ ಟಿವಿಗೆ ‘ವಿಂಕಿ ಡಿಂಕ್ ಅಂಡ್ ಯು’. ಇದನ್ನು ಕೇಳಿದರೆ ನಗು ಬರುತ್ತೆ. 50 ಸೆಂಟ್ ಕಳಿಸಿದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಬಣ್ಣದ ಕಡ್ಡಿ ಮನೆಗೆ ಬರೋದು. ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಿಕೊಂಡು, ಬ್ಯಾರಿ ಹೇಳಿದ ಹಾಗೆ ಮಗು ಗೆರೆ ಎಳೆದರೆ ಕಾರ್ಟೂನಿನ ಹುಡುಗನಿಗೆ ಸೇತುವೆಯೋ ಏಣಿಯೋ ಆಗೋದು. ಹಾಳೆ ತರಿಸದ ಮನೆಗಳಲ್ಲಿ ಮಕ್ಕಳು ನೇರ ಟಿವಿ ಗಾಜಿನ ಮೇಲೇ ಗೀಚಿದರು. ಅಪ್ಪ ಅಮ್ಮಂದಿರ ಪಾಡು ನೀವೇ ಊಹಿಸಿ. ಸ್ಕ್ರೀನಿನಲ್ಲಿ ಒಬ್ಬ ಮನುಷ್ಯ ‘ಗೆರೆ ಎಳಿ ಮಗು’ ಅಂದರೆ ಮಗು ಎಳೆಯುತ್ತೆ. ನಂಬಿಕೆ ಅಂದರೆ ಅದು.

ಬ್ಯಾರಿಗೆ ಒಬ್ಬ ಪಾಲುದಾರ, ಡ್ಯಾನ್ ಎನ್‌ರೈಟ್. ಒಬ್ಬ ತೆರೆಯ ಮುಂದೆ, ಇನ್ನೊಬ್ಬ ಹಿಂದೆ. 1956ರ ಸೆಪ್ಟೆಂಬರ್ 12ಕ್ಕೆ ಎನ್‌ಬಿಸಿಯಲ್ಲಿ ಇಬ್ಬರೂ ಸೇರಿ ‘ಟ್ವೆಂಟಿ ಒನ್’ ಶುರು ಮಾಡಿದರು. ಎರಡು ಗಾಜಿನ ಪೆಟ್ಟಿಗೆ, ಒಳಗೆ ಇಬ್ಬರು ಸ್ಪರ್ಧಿಗಳು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಒಂದರಿಂದ ಹನ್ನೊಂದರವರೆಗೆ ಅಂಕ, ಅಂಕ ಹೆಚ್ಚಾದಷ್ಟೂ ಪ್ರಶ್ನೆ ಕಷ್ಟ, ಮೊದಲು 21 ಮುಟ್ಟಿದವರು ಗೆದ್ದರು. ಜಾಹೀರಾತುದಾರರು ಜೆರಿಟಾಲ್ ಅನ್ನೋ ಟಾನಿಕ್ ಮಾರುವವರು.

ಮೊದಲ ಕಂತು ಪ್ರಾಮಾಣಿಕವಾಗಿಯೇ ನಡೆಯಿತು. ಫಲಿತಾಂಶ? ಸ್ಪರ್ಧಿಗಳಿಗೆ ಸಾಲು ಸಾಲು ಪ್ರಶ್ನೆಗೆ ಉತ್ತರವೇ ಗೊತ್ತಿಲ್ಲ. ಸಪ್ಪೆ ಅಂದರೆ ಸಪ್ಪೆ. ಮಾರನೇ ದಿನ ಟಾನಿಕ್ ಕಂಪನಿಯವರು ಉರಿದುಬಿದ್ದರು. ಇಂಥದ್ದು ಇನ್ನೊಮ್ಮೆ ಆಗಕೂಡದು ಅಂತ ಖಡಾಖಂಡಿತವಾಗಿ ಹೇಳಿದರು. ನೋಡಿ, ಈ ಮಾರನೇ ದಿನದ ಬೆಳಗ್ಗೆ ನನಗೆ ಚೆನ್ನಾಗಿ ಗೊತ್ತು. ನಮಗೆ ಅದು ಗುರುವಾರ ಬರುತ್ತೆ, ಟಿಆರ್‌ಪಿ ಹಾಳೆಯ ರೂಪದಲ್ಲಿ. ಆ ಹಾಳೆ ಮೇಜಿನ ಮೇಲೆ ಬಿದ್ದಾಗ ಯಾರೂ ‘ಸುಳ್ಳು ಹೇಳು’ ಅನ್ನಲ್ಲ. ‘ಏನಾದ್ರೂ ಮಾಡಿ’ ಅಂತಾರೆ, ಅಷ್ಟೇ.

ಎನ್‌ರೈಟ್ ಏನಾದರೂ ಮಾಡಿದ. ಕ್ವೀನ್ಸ್‌ನಲ್ಲಿದ್ದ ಹರ್ಬ್ ಸ್ಟೆಂಪಲ್ ಅನ್ನೋ ಮಾಜಿ ಸೈನಿಕನ ಮನೆಗೆ ಹೋದ. ಸ್ಟೆಂಪಲ್ ಆಗ ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ. ನಿಜಕ್ಕೂ ಅಪಾರ ಜ್ಞಾಪಕಶಕ್ತಿಯ ಮನುಷ್ಯ. 25,000 ಡಾಲರ್ ಗೆಲ್ಲೋಕೆ ಇಷ್ಟಾನಾ ಅಂತ ಎನ್‌ರೈಟ್ ಕೇಳಿದ. ಯಾರು ಬೇಡ ಅಂತಾರೆ? ಪ್ರಶ್ನೆ ಉತ್ತರ ಎಲ್ಲ ಮೊದಲೇ ಹೇಳಿಕೊಟ್ಟರು. ಅಷ್ಟೇ ಅಲ್ಲ, ವೇಷವನ್ನೂ ಕಟ್ಟಿದರು. ಅಳತೆಗೆ ಸರಿಹೊಂದದ ಕೋಟು, ಸೈನಿಕರ ಹಾಗೆ ಗಿಡ್ಡ ಕೂದಲು, ಟಿಕ್ ಟಿಕ್ ಅಂತ ಸದ್ದು ಮಾಡೋ ಅಗ್ಗದ ವಾಚು. ಬಡ ವಿದ್ಯಾರ್ಥಿ ಕಾಣಬೇಕಲ್ಲ! ಗಾಜಿನ ಪೆಟ್ಟಿಗೆಯಲ್ಲಿ ಎಸಿ ನಿಲ್ಲಿಸಿದರು. ಬೆವರು ಬಂದಾಗ ಒರೆಸಬಾರದು, ಮೆಲ್ಲಗೆ ಒತ್ತಿಕೊಳ್ಳಬೇಕು ಅಂತ ಪಾಠ ಹೇಳಿದರು. ಬೇರೆಯವರೆಲ್ಲ ನಿರೂಪಕನನ್ನು ‘ಜ್ಯಾಕ್’ ಅಂತ ಕರೆದರೆ ಸ್ಟೆಂಪಲ್ ಮಾತ್ರ ‘ಮಿಸ್ಟರ್ ಬ್ಯಾರಿ’ ಅನ್ನಬೇಕು. ವಾರಗಟ್ಟಲೆ ಎದುರಿಗೆ ನಿಂತು ಈ ‘ಮಿಸ್ಟರ್ ಬ್ಯಾರಿ’ ಕೇಳಿಸಿಕೊಂಡವನು ಜ್ಯಾಕ್ ಬ್ಯಾರಿ. ಕಂಪನಿಯಲ್ಲಿ ಸಮಪಾಲು ಅವನದು. ಏನೂ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ, ಸ್ಟುಡಿಯೋದಲ್ಲಿ ಇಷ್ಟು ವರ್ಷ ಕಳೆದ ನಾನಂತೂ ಒಪ್ಪಲ್ಲ.

ಕೆಲವು ವಾರಕ್ಕೆ ಸ್ಟೆಂಪಲ್ ಮುಖ ಸಾಕಾಯ್ತು, ರೇಟಿಂಗ್ ಏರುತ್ತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟ್ರು ಚಾರ್ಲ್ಸ್ ವ್ಯಾನ್ ಡೋರೆನ್ ಸಿಕ್ಕಿದ. ಲಕ್ಷಣವಾದ ಮುಖ, ದೊಡ್ಡ ಮನೆತನ. ಅಪ್ಪ ಮಾರ್ಕ್ ವ್ಯಾನ್ ಡೋರೆನ್ ಪುಲಿಟ್ಜರ್ ಪಡೆದ ಕವಿ. 1956ರ ಡಿಸೆಂಬರ್ 5ರಂದು ಸ್ಟೆಂಪಲ್ ಸೋಲಬೇಕು ಅಂತ ತೀರ್ಮಾನವಾಯ್ತು. ಪ್ರಶ್ನೆ ಏನು ಗೊತ್ತಾ? 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ? ಉತ್ತರ ‘ಮಾರ್ಟಿ’. ಸ್ಟೆಂಪಲ್ ಅದನ್ನು ಮೂರು ಸಲ ನೋಡಿದ್ದ, ಅವನ ಮೆಚ್ಚಿನ ಸಿನಿಮಾ. ‘ಆನ್ ದ ವಾಟರ್‌ಫ್ರಂಟ್’ ಅನ್ನಬೇಕು ಅಂದಿದ್ದರು, ಹಾಗೇ ಅಂದ. ಬೇರೆ ಯಾವ ಪ್ರಶ್ನೆಯಲ್ಲಾದರೂ ಸೋಲಿಸಬಹುದಿತ್ತಪ್ಪ. ಊರವರೆಲ್ಲ ನೋಡಿದ ಸಿನಿಮಾದ ಹೆಸರು ಗೊತ್ತಿಲ್ಲ ಅನ್ನಿಸಿ ಮನೆಗೆ ಕಳಿಸಿದರಲ್ಲ, ಅದು ಆತನ ಎದೆಯಲ್ಲಿ ಉಳಿಯಿತು.

ವ್ಯಾನ್ ಡೋರೆನ್ ಗೆದ್ದದ್ದು ಒಟ್ಟು 1,29,000 ಡಾಲರ್. ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂದ. ಎನ್‌ಬಿಸಿ ತನ್ನ ಬೆಳಗಿನ ಕಾರ್ಯಕ್ರಮಕ್ಕೆ ಕರೆದುಕೊಂಡಿತು. 1957ರಲ್ಲಿ ಬ್ಯಾರಿ, ಎನ್‌ರೈಟ್ ತಮ್ಮ ಕಾರ್ಯಕ್ರಮಗಳನ್ನು ಅದೇ ಎನ್‌ಬಿಸಿಗೆ 22 ಲಕ್ಷ ಡಾಲರ್‌ಗೆ ಮಾರಿದರು. ಎಲ್ಲರೂ ಸುಖವಾಗಿದ್ದರು, ಸ್ಟೆಂಪಲ್ ಒಬ್ಬನನ್ನು ಬಿಟ್ಟು.

ಅವನು ಪತ್ರಿಕೆಗಳ ಬಾಗಿಲು ತಟ್ಟಿದ. ಸೋತ ಹೊಟ್ಟೆಕಿಚ್ಚು ಅಂದುಕೊಂಡರು, ಸಾಕ್ಷಿ ಬೇಕಲ್ಲ? 1958ರ ಮೇ ತಿಂಗಳಲ್ಲಿ ‘ಡಾಟೊ’ ಅನ್ನೋ ಇನ್ನೊಂದು ಕಾರ್ಯಕ್ರಮದಲ್ಲಿ ಸ್ಪರ್ಧಿಯೊಬ್ಬಳ ನೋಟ್‌ಬುಕ್ಕು ಸಿಕ್ಕಿತು, ಒಳಗೆ ಉತ್ತರಗಳಿದ್ದವು. ಅಲ್ಲಿಂದ ಸ್ಟೆಂಪಲ್ ಮಾತಿಗೂ ಬೆಲೆ ಬಂತು. ‘ಟ್ವೆಂಟಿ ಒನ್’ನ ಇನ್ನೊಬ್ಬ ಸ್ಪರ್ಧಿ ಜೇಮ್ಸ್ ಸ್ನಾಡ್‌ಗ್ರಾಸ್ ಇನ್ನೂ ಜಾಣ. ಮೊದಲೇ ಕೊಟ್ಟಿದ್ದ ಪ್ರಶ್ನೆ ಉತ್ತರ ಬರೆದು ತನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು, ಲಕೋಟೆ ಒಡೆಯದೆ ಇಟ್ಟಿದ್ದ!

ಈಗ ನನ್ನನ್ನು ಕಾಡುವ ದೃಶ್ಯಕ್ಕೆ ಬರೋಣ. ಆರೋಪ ಪತ್ರಿಕೆಯಲ್ಲಿ ಬಂದ ಮೇಲೆ ಜ್ಯಾಕ್ ಬ್ಯಾರಿ ತನ್ನದೇ ಕಾರ್ಯಕ್ರಮದಲ್ಲಿ ಕ್ಯಾಮೆರಾ ಕಡೆ ತಿರುಗಿ, ಇದೆಲ್ಲ ಪೂರ್ತಿ ಸುಳ್ಳು, ಯಾವ ಸ್ಪರ್ಧಿಗೂ ಯಾವತ್ತೂ ಪ್ರಶ್ನೆ ಮೊದಲೇ ಕೊಟ್ಟಿಲ್ಲ ಅಂತ ವೀಕ್ಷಕರಿಗೆ ಹೇಳಿದ. ಕಣ್ಣು ಮಿಟುಕಿಸಲಿಲ್ಲ. ಮಕ್ಕಳಿಗೆ ಗೆರೆ ಎಳಿ ಅಂತ ಹೇಳಿದ ಅದೇ ಮುಖ, ಅದೇ ದನಿ. ಅಕ್ಟೋಬರ್ ಹೊತ್ತಿಗೆ ಕಾರ್ಯಕ್ರಮ ನಿಂತುಹೋಯ್ತು.

ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿ ಮುಂದೆ ಸುಮಾರು 150 ಜನ ಬಂದರು. ಅವರಲ್ಲಿ ನೂರರಷ್ಟು ಮಂದಿ ಸುಳ್ಳು ಹೇಳಿದರು ಅನ್ನೋದು ಡಿಸ್ಟ್ರಿಕ್ಟ್ ಅಟಾರ್ನಿ ಫ್ರಾಂಕ್ ಹೋಗನ್ ಅಂದಾಜು. 1959ರ ನವೆಂಬರ್ 2ರಂದು ವ್ಯಾನ್ ಡೋರೆನ್ ಅಮೆರಿಕನ್ ಕಾಂಗ್ರೆಸ್ಸಿನ ಸಮಿತಿ ಎದುರು ಒಪ್ಪಿಕೊಂಡ. ಮೇಷ್ಟ್ರ ಕೆಲಸ, ಟಿವಿ ಕೆಲಸ ಎರಡೂ ಹೋದವು. ವಿಚಿತ್ರ ಅಂದರೆ, ಕ್ವಿಜ್‌ನಲ್ಲಿ ಮೋಸ ಮಾಡೋದು ಆಗ ಅಪರಾಧವೇ ಆಗಿರಲಿಲ್ಲ! ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಮಾತ್ರ ಕೇಸು. ಕಾನೂನು ಬಂದದ್ದು 1960ರಲ್ಲಿ.

ಜೈಲಿಗೆ ಯಾರೂ ಹೋಗಲಿಲ್ಲ. ಆದರೆ ಬ್ಯಾರಿಗೆ ದೊಡ್ಡ ನೆಟ್‌ವರ್ಕ್‌ಗಳ ಬಾಗಿಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತು. ಕ್ಯಾಲಿಫೋರ್ನಿಯಾಗೆ ಹೋದ, ರೆಡಾಂಡೊ ಬೀಚ್‌ನಲ್ಲಿ ಒಂದು ಸಣ್ಣ ರೇಡಿಯೋ ಸ್ಟೇಷನ್ ಕೊಂಡ. ರೇಡಿಯೋ ನಡೆಸಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಸಿಕ್ಕರೆ, ನೋಡಿ ಸರ್ಕಾರವೇ ನನ್ನನ್ನು ಒಪ್ಪಿದೆ ಅಂತ ತೋರಿಸಬಹುದಲ್ಲ, ಅದು ಅವನ ಲೆಕ್ಕ. ಸಿಕ್ಕಿತು. 1969ರಲ್ಲಿ ಎಬಿಸಿಯಲ್ಲಿ ಯಾರೋ ಬಿಟ್ಟುಹೋದ ಕಾರ್ಯಕ್ರಮಕ್ಕೆ ಬದಲಿಯಾಗಿ ಕರೆದರು. 1972ರ ಸೆಪ್ಟೆಂಬರ್ 4ಕ್ಕೆ ಸಿಬಿಎಸ್‌ನಲ್ಲಿ ‘ದ ಜೋಕರ್ಸ್ ವೈಲ್ಡ್’. ಜೂಜಿನ ಯಂತ್ರದಂಥ ದೊಡ್ಡ ಚಕ್ರಗಳು, ಮಧ್ಯದಲ್ಲಿ ಅದೇ ಜ್ಯಾಕ್ ಬ್ಯಾರಿ. ಜನ ನೋಡಿದರು! ಸಿಬಿಎಸ್ 1975ರಲ್ಲಿ ನಿಲ್ಲಿಸಿದರೂ 1977ರಿಂದ ಊರೂರಿನ ಸ್ಟೇಷನ್‌ಗಳಿಗೆ ಮಾರಿಕೊಂಡು ನಡೆಸಿದ. ಡ್ಯಾನ್ ಎನ್‌ರೈಟ್‌ನನ್ನೂ ಮತ್ತೆ ಜೊತೆಗೆ ಕರೆದುಕೊಂಡ. ಇದನ್ನು ಸ್ನೇಹ ಅನ್ನಲೋ ಭಂಡತನ ಅನ್ನಲೋ ನನಗಿನ್ನೂ ತೀರ್ಮಾನಕ್ಕೆ ಬರೋಕೆ ಆಗಿಲ್ಲ.

ಆ ಹಗರಣದಿಂದ ಅಮೆರಿಕದ ರಾತ್ರಿ ಟಿವಿಯಲ್ಲಿ ದೊಡ್ಡ ದುಡ್ಡಿನ ಕ್ವಿಜ್ ಮತ್ತೆ ತಲೆ ಎತ್ತಿದ್ದು 1999ರಲ್ಲಿ, ಬ್ರಿಟನ್ನಿನಿಂದ ಹೋದ ‘ಮಿಲಿಯನೇರ್’ ಮೂಲಕ. ಅದೇ ಮರುವರ್ಷ ಅಮಿತಾಭ್ ಬಚ್ಚನ್ ಜೊತೆ ನಮ್ಮ ದೇಶಕ್ಕೆ ಬಂತು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ಕನ್ನಡಕ್ಕೆ. ಆಗ ಸಿಕ್ಕಸಿಕ್ಕವರೆಲ್ಲ ನನ್ನನ್ನು ‘ಸಾರ್, ಇದೆಲ್ಲ ಫಿಕ್ಸ್ ತಾನೇ?’ ಅಂತ ಕೇಳೋರು. ಬ್ಯಾರಿ ಹೆಸರು ಅವರಿಗೆ ಗೊತ್ತಿರಲಿಲ್ಲ. ಅವನು ಬಿಟ್ಟುಹೋದ ಅನುಮಾನ ಮಾತ್ರ ಅವರವರೆಗೂ ಬಂದಿತ್ತು.

ಸ್ಟೆಂಪಲ್ ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿದ. 1994ರಲ್ಲಿ ರಾಬರ್ಟ್ ರೆಡ್‌ಫೋರ್ಡ್ ‘ಕ್ವಿಜ್ ಶೋ’ ಸಿನಿಮಾ ತೆಗೆದಾಗ ಸಲಹೆಗಾರನಾಗಿದ್ದ. 93 ವರ್ಷ ಬದುಕಿ 2020ರಲ್ಲಿ ತೀರಿಕೊಂಡ. ವ್ಯಾನ್ ಡೋರೆನ್ ಹೋದದ್ದು ಅದರ ಹಿಂದಿನ ವರ್ಷ, ಅವನಿಗೂ 93.

ಜ್ಯಾಕ್ ಬ್ಯಾರಿ ಆ ಸಿನಿಮಾ ನೋಡಲಿಲ್ಲ. 1984ರ ಮೇ 2ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಜಾಗಿಂಗ್ ಮಾಡುತ್ತಿದ್ದಾಗ ಹೃದಯ ನಿಂತು ಬಿದ್ದುಬಿಟ್ಟ. ವಯಸ್ಸು 66. ‘ಜೋಕರ್ಸ್ ವೈಲ್ಡ್’ ಆಗಲೂ ನಡೆಯುತ್ತಲೇ ಇತ್ತು. ಅವನ ಜಾಗಕ್ಕೆ ಬಿಲ್ ಕಲೆನ್ ಬಂದ.