ಲೆಕ್ಕಕ್ಕೆ ಸಿಗದ 7 ಲಕ್ಷ

ಗಂಡ ಮತ್ತು ಇಬ್ಬರು ಒಡಹುಟ್ಟಿದ ಸೋದರಿಯರನ್ನು ಬಿಟ್ಟು ಒಬ್ಬ ಮುಸ್ಲಿಂ ಮಹಿಳೆ ತೀರಿಕೊಂಡರು ಎನ್ನಿ. ಬೇರೆ ವಾರಸುದಾರರಿಲ್ಲ. ಆಸ್ತಿ 42 ಲಕ್ಷ ರೂಪಾಯಿ. ಕುರಾನಿನ ಪ್ರಕಾರ ಗಂಡನಿಗೆ ಅರ್ಧ, ಇಬ್ಬರು ಸೋದರಿಯರಿಗೆ ಸೇರಿ ಮೂರರಲ್ಲಿ ಎರಡು ಪಾಲು. ಅಂದರೆ 21 ಮತ್ತು 28. ಕೂಡಿದರೆ 49! ಉಳಿದ 7 ಲಕ್ಷ ಎಲ್ಲಿಂದ ತರೋಣ?

ಈ ತೊಡಕು ಎರಡನೇ ಖಲೀಫ ಉಮರ್ ಕಾಲದಲ್ಲೇ (634–644) ಎದುರಾಯಿತೆಂದು ಪರಂಪರೆ ಹೇಳುತ್ತದೆ. ಅವರು ಪ್ರವಾದಿಯ ಸಂಗಡಿಗರನ್ನು ಕೇಳಿ, ಎಲ್ಲರ ಪಾಲನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿದರು. ಆಸ್ತಿಯನ್ನು 7 ಭಾಗ ಮಾಡಿ ಗಂಡನಿಗೆ 3, ಸೋದರಿಯರಿಗೆ 4. ಅಂದರೆ 18 ಲಕ್ಷ, 24 ಲಕ್ಷ. ಈ ಕ್ರಮದ ಹೆಸರು ‘ಔಲ್’. ಪ್ರವಾದಿಯ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಇದನ್ನು ಒಪ್ಪಲಿಲ್ಲ. ಶಿಯಾ ನ್ಯಾಯಶಾಸ್ತ್ರ ಇಂದಿಗೂ ಒಪ್ಪುವುದಿಲ್ಲ: ಗಂಡನ 21 ಲಕ್ಷ ಮುಟ್ಟುವಂತಿಲ್ಲ, ಕೊರತೆಯೆಲ್ಲ ಸೋದರಿಯರ ತಲೆಗೆ.

ಇಂಥ ಲೆಕ್ಕಗಳೇ ಗಣಿತವನ್ನು ಬೆಳೆಸಿದವು. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಪುಸ್ತಕದ ಶೀರ್ಷಿಕೆಯಿಂದ ‘ಆಲ್ಜೀಬ್ರಾ’ ಎಂಬ ಪದ ಬಂತೆಂದು ಶಾಲೆಯಲ್ಲಿ ಓದಿದ್ದೇವೆ. ಅದರ ಹೆಚ್ಚುಕಡಿಮೆ ಅರ್ಧ ಭಾಗ ಉಯಿಲು, ವಾರಸು ಪಾಲಿನ ಲೆಕ್ಕವೆಂದು ಮಾತ್ರ ಯಾರೂ ಹೇಳಲಿಲ್ಲ. ಭಾರತೀಯ ಅಂಕಿಗಳ ಬಗ್ಗೆ ಅವನು ಬರೆದದ್ದು 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಹೋದಾಗ ಅವನ ಹೆಸರು ‘ಅಲ್ಗೊರಿತ್ಮಿ’ ಆಯಿತು, ಅದರಿಂದಲೇ ‘ಅಲ್ಗೋರಿದಮ್’. ಅನುವಾದದಲ್ಲಿ ಮನುಷ್ಯನೊಬ್ಬ ನಾಮಪದವಾಗಿಬಿಟ್ಟ! (ಅನುವಾದವನ್ನೇ ನಂಬಿ ಬದುಕುವ ನನಗೆ ಇದು ಸ್ವಲ್ಪ ಭಯದ ಸಂಗತಿ.)

ಅದೇ ಅಲ್ಗೋರಿದಮ್ಮಿನ ಕೈಗೆ ಈಗ ಫತ್ವಾ ಬಂದಿದೆ. 2019ರಲ್ಲಿ ದುಬೈ ಸರ್ಕಾರ ಕೃತಕ ಬುದ್ಧಿಮತ್ತೆಯಿಂದ ಉತ್ತರಿಸುವ ಫತ್ವಾ ಸೇವೆ ಶುರುಮಾಡಿತು. ಅದು ತಪ್ಪೆನ್ನಲಾರೆ, ಪಾಲು ಹಾಕುವುದರಲ್ಲಿ ಯಂತ್ರ ಮನುಷ್ಯರಿಗಿಂತ ಚುರುಕು. ಆದರೆ 7/6 ಎಂದು ತೋರಿಸುವುದಷ್ಟೇ ಗಣಿತದ ಕೆಲಸ. ಯಾರ ಪಾಲು ಕಡಿಯಬೇಕೆಂಬುದು ತೀರ್ಪು. ತೀರ್ಪು ಕೊಟ್ಟ ಉಮರ್‌ಗೂ ಒಪ್ಪದ ಇಬ್ನ್ ಅಬ್ಬಾಸ್‌ಗೂ ಹೆಸರಿದೆ. ಅವರೊಡನೆ 14 ಶತಮಾನ ಜಗಳವಾಡಬಹುದು. ಯಂತ್ರ ಏನನ್ನೂ ವಿಚಾರಿಸದೆ ಒಂದು ದಾರಿ ಹಿಡಿದು ಅಂಕಿ ಒಪ್ಪಿಸಿದರೆ, ಸೋದರಿಯರಿಬ್ಬರ ಪಾಲು 24 ಲಕ್ಷದಿಂದ 21ಕ್ಕೆ ಇಳಿಯಬಹುದು. ಆಯ್ಕೆಯೊಂದು ನಡೆದಿದೆಯೆಂಬ ಸುಳಿವೂ ಅವರಿಗೆ ಸಿಗದು.

ನಮ್ಮ ದೇಶದ ನ್ಯಾಯಾಲಯಗಳಾದರೆ ಮೊದಲು ನೋಡುವುದು, ತೀರಿಕೊಂಡವರು ಸುನ್ನಿಯೋ ಶಿಯಾವೋ ಎಂದು. ಲೆಕ್ಕ ಆಮೇಲೆ.