ಡೈನೊಸಾರ್‌ಗಳ ಅಗ್ರಸ್ಥಾನ: ವಸ್ತುಸಂಗ್ರಹಾಲಯ ಚರಿತ್ರೆಯ ಹಿನ್ನೆಲೆಯಲ್ಲಿ

ಪಳೆಯುಳಿಕೆಗಳ ಪೈಕಿ ಡೈನೊಸಾರ್‌ಗಳೇ ಜನಮನವನ್ನು ಸೆಳೆಯುವುದಕ್ಕೆ ಅವುಗಳ ಬೃಹತ್ ಗಾತ್ರವೇ ಕಾರಣವೆಂಬ ವಿವರಣೆ ವ್ಯಾಪಕವಾಗಿದ್ದರೂ ಚರಿತ್ರೆ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ರಿಚರ್ಡ್ ಓವೆನ್ 1842ರಲ್ಲಿ ಈ ಪ್ರಾಣಿವರ್ಗಕ್ಕೆ ಹೆಸರಿಡುವ ನಾಲ್ಕು ದಶಕ ಮೊದಲೇ, 1801ರಲ್ಲಿ, ಆನೆಯ ದೂರದ ಸಂಬಂಧಿಯಾದ ಮ್ಯಾಸ್ಟೊಡಾನ್‌ನ ಅಸ್ಥಿಪಂಜರವನ್ನು ಚಾರ್ಲ್ಸ್ ವಿಲ್ಸನ್ ಪೀಲ್ ಫಿಲಡೆಲ್ಫಿಯಾದಲ್ಲಿ ನಿಲ್ಲಿಸಿ ಜನರನ್ನು ಆಕರ್ಷಿಸಿದ್ದನು. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲಬಂಡೆಗಳಿಂದ ಮೇರಿ ಆನಿಂಗ್ ಹೊರತೆಗೆದ ಇಕ್ಥಿಯೊಸಾರ್, ಪ್ಲೀಸಿಯೊಸಾರ್ ಎಂಬ ಕಡಲ ಸರೀಸೃಪಗಳೂ, ಡೈನೊಸಾರ್‌ಗಳಲ್ಲದಿದ್ದರೂ, ಆ ಶತಮಾನದ ಓದುಗರ ಕುತೂಹಲವನ್ನು ಕೆರಳಿಸಿದ್ದವು. ಡೈನೊಸಾರ್‌ಗಳಿಗೆ ದೊರೆತ ಅಗ್ರಸ್ಥಾನವು ಮುಖ್ಯವಾಗಿ ಶ್ರೀಮಂತ ಪೋಷಕರ ಹಣದಿಂದ, ಪ್ರದರ್ಶನಾಂಗಣಗಳ ಮೂಲಕ ರೂಪುಗೊಂಡದ್ದೆಂದು ಭಾವಿಸಲು ಬಲವಾದ ಆಧಾರವಿದೆ.

ಅಮೆರಿಕದ ವಯೋಮಿಂಗ್‌ನಲ್ಲಿ 1899ರಲ್ಲಿ ದೊರೆತ, ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹೆಸರನ್ನೇ ಹೊತ್ತ ಡಿಪ್ಲೊಡೊಕಸ್ ಇದಕ್ಕೆ ಸ್ಪಷ್ಟ ನಿದರ್ಶನ. ಅದರ ಚಿತ್ರವನ್ನು ಕಂಡು ಏಳನೆಯ ಎಡ್ವರ್ಡ್ ದೊರೆ ಆಸಕ್ತಿ ತೋರಿದ್ದರಿಂದ ಕಾರ್ನೆಗಿ ಅದರ ಅಚ್ಚುಪ್ರತಿಯೊಂದನ್ನು ಮಾಡಿಸಿದನು; ಸುಮಾರು 26 ಮೀಟರ್ ಉದ್ದದ, 292 ಮೂಳೆಗಳ ಆ ಪ್ರತಿಕೃತಿ 1905ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅನಾವರಣಗೊಂಡಿತು. ಮುಂದಿನ ವರ್ಷಗಳಲ್ಲಿ ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಮ್ಯಾಡ್ರಿಡ್ ಮೊದಲಾದ ನಗರಗಳಿಗೂ ಅದೇ ಅಚ್ಚಿನ ಪ್ರತಿಗಳು ಹೋದವು. ಒಂದೇ ಪ್ರಾಣಿ ಹೀಗೆ ಏಕಕಾಲಕ್ಕೆ ಹಲವು ದೇಶಗಳಲ್ಲಿ, ದೊರೆಗಳ ಹಾಗೂ ಪತ್ರಿಕೆಗಳ ಸಮ್ಮುಖದಲ್ಲಿ ನಿಲ್ಲುವ ಭಾಗ್ಯ ಬೇರಾವ ಪಳೆಯುಳಿಕೆಗೂ ಅಂದು ಒದಗಿರಲಿಲ್ಲ.

ಈ ಖ್ಯಾತಿಯ ನೆರಳಿನಲ್ಲಿ ಉಳಿದವುಗಳು ವೈಜ್ಞಾನಿಕ ಮಹತ್ವದಲ್ಲಿ ಕಿರಿಯವೇನಲ್ಲ. ಬೆನ್ನ ಮೇಲೆ ಹಾಯಿಯಂಥ ಪಟಲವಿದ್ದ ಡೈಮೆಟ್ರೊಡಾನ್ ಸಸ್ತನಿಗಳ ವಂಶಕ್ಕೆ ಹತ್ತಿರವಾಗಿದ್ದರೂ ಆಟಿಕೆಗಳಲ್ಲಿ ಡೈನೊಸಾರ್ ಆಗಿಯೇ ಮಾರಾಟವಾಗುತ್ತದೆ. ಸುಮಾರು 25.2 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವನ್ನು ದಾಟಿ ಬಂದ, ಎರಡು ಕೋರೆಹಲ್ಲುಗಳ ಸಸ್ಯಾಹಾರಿ ಲಿಸ್ಟ್ರೊಸಾರಸ್‌ನ ಮೂಳೆಗಳು ದಕ್ಷಿಣ ಆಫ್ರಿಕದಲ್ಲಿ, ದಾಮೋದರ ಕಣಿವೆಯ ಪಂಚೇತ್ ಶಿಲಾಸ್ತರಗಳಲ್ಲಿ, 1969ರಲ್ಲಿ ಅಂಟಾರ್ಕ್ಟಿಕದಲ್ಲಿಯೂ ದೊರೆತು, ಈ ಭೂಭಾಗಗಳು ಒಮ್ಮೆ ಒಂದಾಗಿದ್ದವೆಂಬ ವಾದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದವು. ಇಷ್ಟಾದರೂ ವಿಶೇಷಜ್ಞರ ವಲಯದಾಚೆ ಅದನ್ನು ಬಲ್ಲವರು ವಿರಳ.

ಕರ್ನಾಟಕದ ಮಟ್ಟಿಗೆ ಈ ಅಸಮತೋಲನ ಇನ್ನಷ್ಟು ಗಂಭೀರವಾದುದು, ಏಕೆಂದರೆ ಇಲ್ಲಿನ ಶಿಲೆಗಳಲ್ಲಿ ಬಹುಪಾಲು ಡೈನೊಸಾರ್‌ಗಳ ಕಾಲಕ್ಕಿಂತ ಬಹಳ ಹಿಂದಿನವು. ಚಿತ್ರದುರ್ಗ ಪ್ರದೇಶದ ಸುಣ್ಣಕಲ್ಲುಗಳಲ್ಲಿರುವ ಸ್ಟ್ರೊಮ್ಯಾಟೊಲೈಟ್‌ಗಳು, ಎಂದರೆ ಸೂಕ್ಷ್ಮಜೀವಿಗಳ ಹಾಸುಗಳು ಕೆಸರನ್ನು ಹಿಡಿದಿಟ್ಟು ಪದರಪದರವಾಗಿ ಬೆಳೆಸಿದ ರಚನೆಗಳು, 250 ಕೋಟಿ ವರ್ಷಗಳಿಗೂ ಹಳೆಯವು. ಕಣ್ಣು, ಹಲ್ಲು, ಬಾಲಗಳಿಲ್ಲದ ಈ ಬಾಗುಗೆರೆಗಳು ಜೀವಿಗಳ ಕೆಲಸವೆಂದು ನೋಡುಗರಿಗೆ ತಿಳಿಯಬೇಕಾದರೆ ಕಲ್ಲನ್ನು ಸೀಳಿ ನಯಗೊಳಿಸಿ, ಪಕ್ಕದಲ್ಲಿ ಕನ್ನಡದ ವಿವರಣೆಯನ್ನಿಟ್ಟು ಪ್ರದರ್ಶಿಸುವುದು ಅಗತ್ಯ.